ಮುಳ್ಳಿನಿಂದ ಗೋಡೆಯವರೆಗೆ: ಮನೆಯಲ್ಲಿ ಸಂಗೀತ ಕೇಳುವ ಲೆಕ್ಕಾಚಾರ



1949ರಲ್ಲಿ ಲಂಡನ್ನಿನಿಂದ ವಾಲ್ಟರ್ ಲೆಗ್ ಎಂಬ ಅತಿಥಿಯೊಬ್ಬರು ಮೈಸೂರಿಗೆ ಬಂದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದವರು ಅವರು. ಗ್ರಾಮಾಫೋನ್ ತಟ್ಟೆಗಳ ಲೋಕದಲ್ಲಿ ದೊಡ್ಡ ಹೆಸರು. ಅವರನ್ನು ಕರೆಸಿಕೊಂಡವರು ಜಯಚಾಮರಾಜ ಒಡೆಯರ್. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಬಡತನದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ಈ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊ ಕೃತಿಯನ್ನು ಅವರಿಗೆ ಅರ್ಪಿಸಿದ್ದೂ ಇದೇ ಕಾರಣಕ್ಕೆ. ಮೈಸೂರಿನಲ್ಲಿ ಕಂಡದ್ದನ್ನು ಲೆಗ್ ಮುಂದೆ ನೆನಪಿಸಿಕೊಂಡಿದ್ದಾರೆ. ಅರಮನೆಯಲ್ಲಿ ಗಂಭೀರ ಸಂಗೀತದ ತಟ್ಟೆಗಳ ದೊಡ್ಡ ಭಂಡಾರವಿತ್ತು, ಹಲವು ಪಿಯಾನೊಗಳಿದ್ದವು. ಜತೆಗೆ ಬಗೆಬಗೆಯ ಧ್ವನಿವರ್ಧಕಗಳ, ಅಂದರೆ ಸ್ಪೀಕರುಗಳ, ಒಂದು ಸಂಗ್ರಹವೇ ಇತ್ತು.

ತಟ್ಟೆಗಳು ಹಲವು ಇರುವುದು ಸಹಜ. ಆದರೆ ಸ್ಪೀಕರುಗಳೇಕೆ ಹಲವು? ಎಲ್ಲಕ್ಕಿಂತ ಉತ್ತಮವಾದ ಒಂದನ್ನು ಕೊಳ್ಳುವ ಶಕ್ತಿ ಇದ್ದವರ ಮನೆಯಲ್ಲಿ ಉಳಿದವುಗಳಿಗೆ ಏನು ಕೆಲಸ? ಸ್ಪೀಕರ್ ಬದಲಾಯಿಸಿ ಒಂದೇ ತಟ್ಟೆಯನ್ನು ಕೇಳಿದವರಿಗೆ ಈ ಪ್ರಶ್ನೆಯ ಉತ್ತರ ಗೊತ್ತು. ಅದೇ ಹಾಡು, ಅದೇ ಗಾಯಕ, ಆದರೆ ಕಂಠ ಬೇರೆಯಾಗಿ ಕೇಳಿಸುತ್ತದೆ. ಒಂದರಲ್ಲಿ ಎದೆಯಿಂದ ಬಂದಂತೆ, ಇನ್ನೊಂದರಲ್ಲಿ ಮೂಗಿನಿಂದ ಬಂದಂತೆ.

ಇದು ಅರಮನೆಯ ಸಮಸ್ಯೆ ಮಾತ್ರವಲ್ಲ. ತಿಂಗಳ ಸಂಬಳದಲ್ಲಿ ಉಳಿಸಿ ಒಂದು ಸ್ಟೀರಿಯೊ ಕೊಂಡ ಮನೆಯದ್ದೂ ಹೌದು. ಅಂಗಡಿಗೆ ಹೋದರೆ ಆಂಪ್ಲಿಫೈಯರ್, ಸ್ಪೀಕರ್ ಮಾತ್ರವಲ್ಲ. ವಿಶೇಷ ತಂತಿ, ಚಿನ್ನದ ಲೇಪದ ಪಿನ್ನು, ಅಡಿಗೆ ಇಡುವ ಮೊಳೆ, ಒರೆಸುವ ದ್ರವ ಹೀಗೆ ನೂರೆಂಟು ಪರಿಕರಗಳು ಎದುರಾಗುತ್ತವೆ. ಇವುಗಳಲ್ಲಿ ಯಾವುದು ನಾದವನ್ನು ನಿಜಕ್ಕೂ ಬದಲಿಸುತ್ತದೆ, ಯಾವುದು ಜೇಬನ್ನು ಮಾತ್ರ ಹಗುರಗೊಳಿಸುತ್ತದೆ ಎಂಬುದು ಇಂದಿನ ಮಾತಿನ ವಿಷಯ.

ನಿಷ್ಠೆ ಎಂಬ ಮಾತು

ಹೈ-ಫೈ ಎಂಬುದರ ಅರ್ಥ ಉನ್ನತ ನಿಷ್ಠೆ. ಮೂಲ ಧ್ವನಿಗೆ ಯಂತ್ರ ತೋರುವ ನಿಷ್ಠೆ. ಆದರೆ ಎಷ್ಟು ನಿಷ್ಠೆ ಇದ್ದರೆ ಸಾಕು ಎಂಬ ವಿಷಯದಲ್ಲಿ ಕೇಳುಗರು ಪ್ರತಿ ಕಾಲದಲ್ಲೂ ಮೋಸ ಹೋಗಿದ್ದಾರೆ.

1915ರಿಂದ ಸುಮಾರು ಹತ್ತು ವರ್ಷ ಥಾಮಸ್ ಎಡಿಸನ್ನರ ಕಂಪನಿ ಅಮೆರಿಕದ ಊರೂರಿನಲ್ಲಿ ಒಂದು ಬಗೆಯ ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಒಂದು ಫೋನೋಗ್ರಾಫ್, ಅದರ ಪಕ್ಕದಲ್ಲಿ ಗಾಯಕಿ. ಆಕೆ ಹಾಡುತ್ತಾ ಹಾಡುತ್ತಾ ನಿಲ್ಲಿಸುವಳು, ಯಂತ್ರ ಮುಂದುವರಿಸುವುದು. ಕೆಲವೊಮ್ಮೆ ದೀಪ ಆರಿಸಿ, ಮತ್ತೆ ಹೊತ್ತಿಸುವಷ್ಟರಲ್ಲಿ ಗಾಯಕಿ ವೇದಿಕೆಯಲ್ಲೇ ಇರುತ್ತಿರಲಿಲ್ಲ. ಹಾಡುತ್ತಿದ್ದುದು ಯಂತ್ರ ಎಂದು ತಿಳಿದು ಸಭೆ ಬೆರಗಾಗುತ್ತಿತ್ತು.

ಆ ಕಾಲದ ಯಂತ್ರಕ್ಕೆ ಮೈಕು ಇರಲಿಲ್ಲ. ಗಾಯಕರು ಒಂದು ಕೊಳವೆಯೊಳಗೆ ಹಾಡಬೇಕು. ಅದರ ಬಲದಿಂದಲೇ ಮುಳ್ಳು ಕಂಪಿಸಿ ಗೆರೆ ಕೊರೆಯಬೇಕು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಕೊಳವೆಯ ಧ್ವನಿಮುದ್ರಣ ಸುಮಾರು 250ರಿಂದ 2500 ಹರ್ಟ್ಸ್‌ನೊಳಗಿನದ್ದನ್ನು ಮಾತ್ರ ಚೆನ್ನಾಗಿ ಹಿಡಿಯುತ್ತಿತ್ತು. ಇಷ್ಟು ಕಿರಿದಾದ ಧ್ವನಿಯನ್ನು ಜನ ನಿಜ ಕಂಠವೆಂದು ನಂಬಿದ್ದು ಹೇಗೆ? ಆ ಪ್ರದರ್ಶನಗಳ ಹೆಸರಾಂತ ಗಾಯಕಿ ಅನ್ನಾ ಕೇಸ್ ಬಹಳ ವರ್ಷಗಳ ನಂತರ ಗುಟ್ಟು ಬಿಟ್ಟುಕೊಟ್ಟರು. ಯಂತ್ರದ ಧ್ವನಿಗೆ ಹೊಂದುವಂತೆ ತಾವೇ ತಮ್ಮ ಕಂಠವನ್ನು ಮಾರ್ಪಡಿಸಿಕೊಳ್ಳುತ್ತಿದ್ದರಂತೆ. ಯಂತ್ರ ಗಾಯಕಿಗೆ ನಿಷ್ಠವಾಗಿರಲಿಲ್ಲ, ಗಾಯಕಿ ಯಂತ್ರಕ್ಕೆ ನಿಷ್ಠಳಾಗಿದ್ದಳು.

1925ರಲ್ಲಿ ಮೈಕು ಮತ್ತು ವಿದ್ಯುತ್ತಿನ ಮುದ್ರಣ ಬಂತು. ಅಲ್ಲಿಯವರೆಗೆ ಪರಿಪೂರ್ಣವೆನಿಸಿದ್ದ ತಟ್ಟೆಗಳು ಒಮ್ಮೆಲೇ ಡಬ್ಬಿಯೊಳಗಿನ ಸದ್ದಿನಂತೆ ಕೇಳತೊಡಗಿದವು. ಕಿವಿಯ ಮೆಚ್ಚುಗೆ ಪ್ರಾಮಾಣಿಕವಾದದ್ದೇ ಇರಬಹುದು, ಆದರೆ ಅದನ್ನು ಪ್ರಮಾಣವೆಂದು ಹಿಡಿಯುವಂತಿಲ್ಲ ಎಂಬ ಈ ಪಾಠ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಮುಳ್ಳೆಂಬ ಸಣ್ಣ ವಸ್ತು

ಧ್ವನಿಯ ಪಯಣವನ್ನು ಒಂದು ಸರಪಳಿಗೆ ಹೋಲಿಸಬಹುದು. ತಟ್ಟೆಯ ಗೆರೆ, ಮುಳ್ಳು, ಆಂಪ್ಲಿಫೈಯರ್, ತಂತಿ, ಸ್ಪೀಕರ್, ಕೋಣೆ, ಕೊನೆಗೆ ಕಿವಿ. ಇದರಲ್ಲಿ ಶಕ್ತಿ ತನ್ನ ರೂಪವನ್ನು ಬದಲಿಸುವ ಕೊಂಡಿಗಳು ಎರಡು. ಗೆರೆಯ ಅಲುಗಾಟ ವಿದ್ಯುತ್ತಾಗುವ ಮುಳ್ಳಿನ ತುದಿ ಒಂದು, ವಿದ್ಯುತ್ತು ಮರಳಿ ಗಾಳಿಯ ಅಲುಗಾಟವಾಗುವ ಸ್ಪೀಕರ್ ಇನ್ನೊಂದು. ಧ್ವನಿ ಹೆಚ್ಚಾಗಿ ಕೆಡುವುದು ಈ ಎರಡು ಕಡೆ. ನಡುವಿನ ಹಾದಿಯಲ್ಲಿ ವಿದ್ಯುತ್ತು ವಿದ್ಯುತ್ತಾಗಿಯೇ ಸಾಗುವುದರಿಂದ ಅಲ್ಲಿ ಕೆಡುವುದು ಕಡಿಮೆ.

ಮೊದಲ ಕೊಂಡಿಯಾದ ಮುಳ್ಳನ್ನೇ ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಅರಗಿನ ಜತೆ ನುಣ್ಣನೆಯ ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದರು. ಆ ಪುಡಿ ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲೇ ಸವೆಸಿ, ಗೆರೆಯ ಆಕಾರಕ್ಕೆ ತಕ್ಕಂತೆ ಹದ ಮಾಡುತ್ತಿತ್ತು. ಹೀಗೆ ಹದವಾದ ಮುಳ್ಳು ಒಂದು ಮಗ್ಗುಲು ನುಡಿಸುವಷ್ಟರಲ್ಲಿ ಪೂರ್ತಿ ಸವೆಯುತ್ತಿತ್ತು. ಆದ್ದರಿಂದಲೇ ತಗಡಿನ ಡಬ್ಬಿಗಳಲ್ಲಿ ನೂರಿನ್ನೂರು ಮುಳ್ಳುಗಳನ್ನು ಮಾರುತ್ತಿದ್ದುದು. ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬುದು ನಿಯಮ. ದಪ್ಪ ಮುಳ್ಳು ಜೋರು ದನಿಗೆ, ಸಪೂರ ಮುಳ್ಳು ಮೆಲುದನಿಗೆ. ಅಂದಿನ ಮನೆಗಳಲ್ಲಿ ದನಿ ಹೆಚ್ಚು ಕಡಿಮೆ ಮಾಡುವ ಗುಂಡಿಯೇ ಈ ಮುಳ್ಳು ಎನ್ನಬಹುದು. ಕಾಸು ಉಳಿಸಲು ಒಂದೇ ಮುಳ್ಳಿನಲ್ಲಿ ಹತ್ತು ಹಾಡು ಕೇಳಿದ ಮನೆಗಳೂ ಇದ್ದವು. ಸವೆದ ಮುಳ್ಳು ಉಳಿಯಂತೆ ಗೆರೆಯನ್ನೇ ಕೆತ್ತುತ್ತದೆ. ಉಳಿದದ್ದು ಮುಳ್ಳಿನ ಕಾಸು, ಹೋದದ್ದು ಹಾಡು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್.ಪಿ. ತಟ್ಟೆಯನ್ನು ಹೊರತಂದಿತು. ಸುತ್ತು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದಕ್ಕೆ ಇಳಿಯಿತು, ಗೆರೆ ಕಿರಿದಾಯಿತು, ಅರಗಿನ ಬದಲು ವಿನೈಲ್ ಪ್ಲಾಸ್ಟಿಕ್ ಬಂತು. ಹಳೆಯ ತಟ್ಟೆಯ ಗೆರೆಗೆ ತುದಿ ಸುಮಾರು 75 ಮೈಕ್ರಾನ್ ಗುಂಡಗಿನ ಮುಳ್ಳು ಬೇಕಾದರೆ ಎಲ್.ಪಿ.ಗೆ ಸುಮಾರು 25 ಮೈಕ್ರಾನ್ ಅಥವಾ ಅದಕ್ಕೂ ಸಣ್ಣದು ಬೇಕು. ಹಳೆಯ ಗ್ರಾಮಾಫೋನಿನ ತಲೆ ತಟ್ಟೆಯ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಹೇರುತ್ತಿತ್ತು. ಇಂದಿನ ವಜ್ರದ ಮುಳ್ಳು ಹೇರುವುದು ಒಂದೂವರೆ, ಎರಡು ಗ್ರಾಂ.

ಭಾರ ಕಡಿಮೆಯಾದಷ್ಟೂ ತಟ್ಟೆ ಉಳಿಯುತ್ತದೆ ಎಂದು ತೋರಬಹುದು. ಹಾಗಲ್ಲ. ಕಾರ್ಟ್ರಿಡ್ಜ್ ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಭಾರವಿಟ್ಟರೆ ಮುಳ್ಳು ಗೆರೆಯಲ್ಲಿ ಕೂರದೆ ಕುಣಿಯುತ್ತದೆ, ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಹಾನಿ ಆಗುವುದು ಆಗಲೇ. ತಟ್ಟೆಯ ಒಳ ಸುತ್ತುಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಎಲ್.ಪಿ.ಯ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ವೇಗದಲ್ಲಿ ಮುಳ್ಳಿನಡಿ ಹರಿಯುತ್ತದೆ. ಒಳಗೆ, ನಡುವಿನಿಂದ 6 ಸೆಂಟಿಮೀಟರ್ ದೂರದಲ್ಲಿ, ಸುಮಾರು 21 ಸೆಂಟಿಮೀಟರ್ ಮಾತ್ರ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆದಂತಾಯಿತು. ಕೊನೆಯ ಹಾಡಿನಲ್ಲಿ ಸ, ಶ ಅಕ್ಷರಗಳು ಸೀಳಿದಂತೆ ಕೇಳುವುದು ಇದರಿಂದ. ಹೊಸ ಮುಳ್ಳು, ಸರಿಯಾದ ಭಾರ, ನೇರವಾಗಿ ಕೂರಿಸಿದ ಕಾರ್ಟ್ರಿಡ್ಜ್ ಇಷ್ಟರಿಂದ ಆಗುವ ಸುಧಾರಣೆಯನ್ನು ಎಂಥ ದುಬಾರಿ ಆಂಪ್ಲಿಫೈಯರೂ ಕೊಡಲಾರದು.

ಕ್ಯಾಸೆಟ್ಟಿನ ಕಾಲದಲ್ಲೂ ಇದೇ ಕಥೆ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ತೆವಳುವ ಟೇಪಿನ ಎದುರು ಹೆಡ್ ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸ್ವರಗಳು ಮಂಕಾಗುತ್ತವೆ. ಹೆಡ್ಡಿಗೆ ಅಂಟಿದ ಕಂದು ಧೂಳು ಒರೆಸಲು ಹತ್ತಿಯ ಕಡ್ಡಿ, ತುಸು ಸ್ಪಿರಿಟ್ ಸಾಕಾಗಿತ್ತು. ಹೊಸ ಟೇಪ್ ರೆಕಾರ್ಡರ್ ಬೇಕೆಂದು ಅಂಗಡಿಗೆ ಹೊರಟ ಎಷ್ಟೋ ಮನೆಗಳಿಗೆ ಬೇಕಾಗಿದ್ದದ್ದು ಆ ಕಡ್ಡಿ ಮಾತ್ರ.

ವ್ಯಾಟಿನ ಮಾಯೆ

ಸರಪಳಿಯ ಮುಂದಿನ ಕೊಂಡಿ ಆಂಪ್ಲಿಫೈಯರ್. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಮುಂದೆ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಆಂಪ್ಲಿಫೈಯರ್ ಕಟ್ಟಿಕೊಳ್ಳುವ ಹವ್ಯಾಸ ಬೆಂಗಳೂರಿನ ಹುಡುಗರಲ್ಲಿ ಬೆಳೆಯಿತು. ಆಗೆಲ್ಲ ಕೇಳಿಬರುತ್ತಿದ್ದ ಮೊದಲ ಪ್ರಶ್ನೆ ಒಂದೇ: ಎಷ್ಟು ವ್ಯಾಟ್?

1990ರ ದಶಕದಲ್ಲಿ ಈ ಪ್ರಶ್ನೆ ಹುಚ್ಚಿನ ಮಟ್ಟಕ್ಕೆ ಏರಿತು. ಅಂಗೈ ಅಗಲದ ಸ್ಪೀಕರಿರುವ ಟೂ-ಇನ್-ಒನ್ ಮೇಲೂ ನೂರಾರು, ಸಾವಿರಾರು ವ್ಯಾಟ್ ಪಿ.ಎಂ.ಪಿ.ಒ. ಎಂಬ ಚೀಟಿ ಹೊಳೆಯುತ್ತಿತ್ತು. ಆ ಪೆಟ್ಟಿಗೆಯ ನಿಜವಾದ ನಿರಂತರ ಶಕ್ತಿ ಅದರ ಒಂದು ಸಣ್ಣ ಪಾಲು. ಪಿ.ಎಂ.ಪಿ.ಒ.ಗೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇರಲಿಲ್ಲ. ತಯಾರಕರು ಬರೆದದ್ದೇ ಸಂಖ್ಯೆ.

ನಿಜವಾದ ವ್ಯಾಟ್ ಆದರೂ ಕಿವಿಯ ಲೆಕ್ಕ ಬೇರೆ. ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹತ್ತು ವ್ಯಾಟಿನ ಯಂತ್ರ ಮಾರಿ ಇಪ್ಪತ್ತರದ್ದು ತಂದವರಿಗೆ ಸಿಗುವುದು ತುಸುವೇ ಏರಿದ ದನಿ. ಅದೇ ಹತ್ತು ವ್ಯಾಟಿಗೆ 3 ಡೆಸಿಬೆಲ್ ಹೆಚ್ಚು ಸೂಕ್ಷ್ಮತೆಯುಳ್ಳ ಸ್ಪೀಕರ್ ಜೋಡಿಸಿದರೂ ಫಲ ಅಷ್ಟೇ. ಸಾಧಾರಣ ಕೋಣೆಯಲ್ಲಿ ಹದವಾಗಿ ಕೇಳುವಾಗ ಖರ್ಚಾಗುವುದು ಒಂದು ವ್ಯಾಟಿನ ಆಸುಪಾಸು. ಉಳಿದ ಶಕ್ತಿ ಮೃದಂಗದ ಒಂದು ಪೆಟ್ಟು, ತಬಲೆಯ ಒಂದು ಥಾಪು ಚಿಮ್ಮುವ ಕ್ಷಣಕ್ಕೆ ಕಾದಿಟ್ಟ ನಿಧಿ.

1987ರಲ್ಲಿ ಅಮೆರಿಕದ ಸ್ಟೀರಿಯೊ ರಿವ್ಯೂ ಪತ್ರಿಕೆ ಅಗ್ಗದ ಮತ್ತು ಅತಿ ದುಬಾರಿ ಆಂಪ್ಲಿಫೈಯರುಗಳನ್ನು ದನಿ ಸಮಗೊಳಿಸಿ, ಹೆಸರು ಮರೆಮಾಡಿ ಕೇಳಿಸಿತು. ಯಾವುದು ಯಾವುದೆಂದು ಕೇಳುಗರು ನಂಬಿಕೆಗೆ ಅರ್ಹವಾಗುವಂತೆ ಗುರುತಿಸಲಿಲ್ಲ. ಶಕ್ತಿಯ ಮಿತಿಯೊಳಗೆ ದುಡಿಸಿದರೆ, ಕ್ರಮವಾಗಿ ಕಟ್ಟಿದ ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆ. ಮಿತಿ ಮೀರಿದಾಗ ಮಾತ್ರ ಎಲ್ಲವೂ ಕರ್ಕಶವಾಗುತ್ತವೆ.

ತಂತಿಯ ಬೆಲೆ

1970ರ ದಶಕದವರೆಗೆ ಸ್ಪೀಕರಿನ ತಂತಿಯ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. 1979ರಲ್ಲಿ ಅಮೆರಿಕದಲ್ಲಿ ಮಾನ್‌ಸ್ಟರ್ ಕೇಬಲ್ ಕಂಪನಿ ಹುಟ್ಟಿದ ಮೇಲೆ ತಂತಿಯೇ ಒಂದು ಉದ್ಯಮವಾಯಿತು. ಮುಂದೆ ಕೆಲವು ತಂತಿಗಳ ಬೆಲೆ ಸ್ಪೀಕರಿನ ಬೆಲೆಯನ್ನೂ ದಾಟಿತು.

ಇಲ್ಲಿ ಶಾಲೆಯಲ್ಲಿ ಕಲಿತ ಓಮನ ನಿಯಮವೇ ಸಾಕು. ಸ್ಪೀಕರ್ 8 ಓಮಿನದ್ದು ಎಂದಿಟ್ಟುಕೊಳ್ಳಿ. ಆಂಪ್ಲಿಫೈಯರಿನಿಂದ ಅದಕ್ಕೆ 5 ಮೀಟರ್ ದೂರ. ಹೋಗಿ ಬರುವ ಎರಡೆಳೆ ಸೇರಿ 10 ಮೀಟರ್ ತಾಮ್ರ. ಮನೆಯ ವೈರಿಂಗಿಗೆ ಬಳಸುವ ಒಂದೂವರೆ ಚದರ ಮಿಲಿಮೀಟರ್ ತಂತಿಯಾದರೆ ಅದರ ರೋಧ ಸುಮಾರು 0.12 ಓಮ್. ಇದರಿಂದ ಆಗುವ ನಷ್ಟ ಡೆಸಿಬೆಲ್ಲಿನ ಹತ್ತನೆಯ ಒಂದು ಭಾಗದಷ್ಟು. ಸಂಗೀತದ ನಡುವೆ ಅಷ್ಟನ್ನು ಗುರುತಿಸುವುದು ಕಿವಿಗೆ ಆಗದ ಮಾತು. ಆದರೆ ಕರೆಗಂಟೆಗೆ ಎಳೆಯುವ ಸಪೂರ ತಂತಿ, ಅಂದರೆ 0.2 ಚದರ ಮಿಲಿಮೀಟರಿನದ್ದು ಹಾಕಿದರೆ ರೋಧ ಸುಮಾರು 0.86 ಓಮಿಗೆ ಏರುತ್ತದೆ. ಸ್ಪೀಕರಿನ ರೋಧದ ಹತ್ತನೆಯ ಒಂದು ಪಾಲು. ಆಗ ನಷ್ಟ ಒಂದು ಡೆಸಿಬೆಲ್ಲಿನ ಸಮೀಪಕ್ಕೆ ಬರುತ್ತದೆ. ಸ್ಪೀಕರಿನ ರೋಧ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ನಾದದ ಸಮತೋಲವೂ ತುಸು ವಾಲುತ್ತದೆ.

ಆದ್ದರಿಂದ ತಂತಿ ಮುಖ್ಯವೇ ಅಲ್ಲ ಎನ್ನುವುದೂ ತಪ್ಪು. ಸಾಕಷ್ಟು ದಪ್ಪವಿರಬೇಕು, ಜೋಡಣೆ ಬಿಗಿಯಾಗಿರಬೇಕು, ತುದಿ ಕಿಲುಬು ಹಿಡಿದಿರಬಾರದು. ಅಷ್ಟಾದ ಮೇಲೆ ಹೆಚ್ಚು ತೆತ್ತ ಹಣ ನಾದಕ್ಕೆ ಸಲ್ಲುವುದಿಲ್ಲ. ಕರಾವಳಿಯ ಉಪ್ಪುಗಾಳಿಯ ಊರುಗಳಲ್ಲಿ ಚಿನ್ನದ ಲೇಪಕ್ಕೆ ಒಂದು ಅರ್ಥವಿದೆ: ಚಿನ್ನ ಕಿಲುಬು ಹಿಡಿಯುವುದಿಲ್ಲ. ಅದು ನಾದವನ್ನು ಸಿಹಿಗೊಳಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿಗೂ ಇಂಥ ಪರಿಕರಗಳು ಬೆನ್ನು ಹತ್ತಿದವು. ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು ಅಂಕಿಯಾಗಿ ಬರೆಯುವ ವ್ಯವಸ್ಥೆ ಅದು. 1990ರ ಸುಮಾರಿಗೆ ಸಿ.ಡಿ.ಯ ಅಂಚಿಗೆ ಹಸಿರು ಶಾಯಿ ಬಳಿದರೆ ಧ್ವನಿ ಸುಧಾರಿಸುತ್ತದೆ ಎಂಬ ಮಾತು ಹಬ್ಬಿತು, ಅದಕ್ಕೆಂದೇ ಪೆನ್ನುಗಳು ಮಾರಾಟವಾದವು. ತಟ್ಟೆಯಲ್ಲಿ ಇರುವುದು ಅಂಕಿಗಳು. ಹಸಿರು ಬಳಿಯುವ ಮೊದಲೂ ಬಳಿದ ನಂತರವೂ ಯಂತ್ರ ಓದುವುದು ಅವೇ ಅಂಕಿಗಳನ್ನು. ಆದರೂ ಬಳಿದವರಲ್ಲಿ ಹಲವರಿಗೆ ವ್ಯತ್ಯಾಸ ಕೇಳಿಸಿತು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಕಣ್ಣು ಕೇಳುವ ಸಂಗೀತ

ಹಾಗಾದರೆ ಅವರಿಗೆ ಕೇಳಿಸಿದ್ದೇನು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಿವಿಗೂ ಸಲ್ಲುತ್ತದೆ. ಧ್ವನಿ ಎಂಜಿನಿಯರುಗಳು 1980ರ ದಶಕದ ಆರಂಭದಲ್ಲಿ ಒಂದು ಪರೀಕ್ಷಾ ಕ್ರಮವನ್ನು ಬಳಕೆಗೆ ತಂದರು. ಒಂದು ಗುಂಡಿ ಒತ್ತಿದರೆ ಮೊದಲ ಯಂತ್ರ, ಇನ್ನೊಂದು ಒತ್ತಿದರೆ ಎರಡನೆಯದು, ಮೂರನೆಯ ಗುಂಡಿಗೆ ಇವೆರಡರಲ್ಲಿ ಯಾವುದೋ ಒಂದು. ಮೂರನೆಯದು ಯಾವುದೆಂದು ಕೇಳುಗ ಹೇಳಬೇಕು. ಪರೀಕ್ಷೆ ನಡೆಸುವವರಿಗೂ ಉತ್ತರ ಗೊತ್ತಿರುವುದಿಲ್ಲ. ಎರಡರ ದನಿಯನ್ನೂ ಕೂದಲೆಳೆಯಷ್ಟು ಅಂತರವಿಲ್ಲದಂತೆ ಸಮಗೊಳಿಸಿರಬೇಕು. ತುಸು ಜೋರಾಗಿರುವುದನ್ನು ಕಿವಿ ಜೋರು ಎಂದು ತಿಳಿಯದೆ ಚೆನ್ನಾಗಿದೆ ಎಂದು ತಿಳಿಯುವುದೇ ಇದಕ್ಕೆ ಕಾರಣ. ಅಂಗಡಿಯಲ್ಲಿ ಎರಡು ಯಂತ್ರ ಹೋಲಿಸುವವರು ಇದೊಂದನ್ನು ನೆನಪಿಟ್ಟರೆ ಸಾಕು.

1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲಕರ. ನಲವತ್ತು ಕೇಳುಗರಿಗೆ ನಾಲ್ಕು ಸ್ಪೀಕರುಗಳನ್ನು ಮೊದಲು ಪರದೆಯ ಹಿಂದಿನಿಂದ, ನಂತರ ಕಣ್ಣೆದುರು ಇಟ್ಟು ಕೇಳಿಸಿದರು. ಕಾಣುವಂತಾದೊಡನೆ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು. ಸಣ್ಣ, ಅಗ್ಗದ ಪೆಟ್ಟಿಗೆಯ ಅಂಕ ಇಳಿಯಿತು. ಪರದೆಯ ಹಿಂದಿದ್ದಾಗ ಅದೇ ಸಣ್ಣ ಪೆಟ್ಟಿಗೆ ದೊಡ್ಡವುಗಳಿಗೆ ಸರಿಸಾಟಿಯಾಗಿ ನಿಂತಿತ್ತು. ಈ ನಲವತ್ತು ಮಂದಿ ದಾರಿಹೋಕರಲ್ಲ, ಸ್ಪೀಕರ್ ತಯಾರಿಸುವ ಕಂಪನಿಯ ನೌಕರರೇ ಆಗಿದ್ದರು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪರದೆಯ ಹಿಂದೆಯೂ ಸ್ಪೀಕರಿನಿಂದ ಸ್ಪೀಕರಿಗೆ ವ್ಯತ್ಯಾಸವನ್ನು ಕೇಳುಗರು ಗುರುತಿಸುತ್ತಾರೆ. ತಂತಿಯ ಪರೀಕ್ಷೆಯಲ್ಲಿ ಸೋಲುವ ಅದೇ ಕಿವಿ ಇಲ್ಲಿ ಗೆಲ್ಲುತ್ತದೆ. ಎಂದರೆ ಸ್ಪೀಕರಿನ ವ್ಯತ್ಯಾಸ ಭ್ರಮೆಯಲ್ಲ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ರೂಪಿಸಿದ ಕಾಗದದ ಶಂಕು, ತಂತಿಯ ಸುರುಳಿ, ಅಯಸ್ಕಾಂತಗಳ ಏರ್ಪಾಡೇ ಇಂದಿಗೂ ಬಹುತೇಕ ಸ್ಪೀಕರುಗಳ ಒಡಲು. ಒಳ್ಳೆಯ ಆಂಪ್ಲಿಫೈಯರಿನಲ್ಲಿ ಧ್ವನಿ ವಿಕಾರವಾಗುವುದು ನೂರರಲ್ಲಿ ಒಂದು ಪಾಲಿಗಿಂತ ಬಹಳ ಕಡಿಮೆ. ಮಂದ್ರ ಸ್ವರವನ್ನು ಜೋರಾಗಿ ನುಡಿಸುವ ಸ್ಪೀಕರಿನಲ್ಲಿ ನೂರರಲ್ಲಿ ಹಲವು ಪಾಲು. ಸಿ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಮೊಬೈಲಿನ ಕಾಳಿನಷ್ಟು ಸ್ಪೀಕರ್ ಆ ಸ್ವರವನ್ನು ಹೊರಡಿಸುವುದೇ ಇಲ್ಲ. ಅದರ ಮೇಲಿನ ಅನುಸ್ವರಗಳನ್ನು ಕೇಳಿ ಮಿದುಳು ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಮೃದಂಗದ ಎಡಗೈಯ ಗುಂಕಾರವೂ ಹೀಗೆಯೇ ಕಳೆದುಹೋಗುತ್ತದೆ. ಹಣ ಹಾಕುವುದಾದರೆ ಹಾಕಬೇಕಾದ ಜಾಗ ಇದು.

ಗೋಡೆಯೂ ವಾದ್ಯವೇ

ಸ್ಪೀಕರಿನಿಂದ ಹೊರಟ ಧ್ವನಿ ನೇರವಾಗಿ ಕಿವಿಗೆ ಬರುವುದು ಸ್ವಲ್ಪ ಪಾಲು. ಉಳಿದದ್ದು ಗೋಡೆ, ನೆಲ, ಸೂರುಗಳಿಗೆ ಬಡಿದು ಬರುತ್ತದೆ. ಮನೆ ಬದಲಾಯಿಸುವ ದಿನ ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಖಾಲಿ ಮನೆಯಲ್ಲಿ ನಿಂತು ಮಾತಾಡಿದವರಿಗೆ ಇದರ ಅನುಭವವಿದೆ. ಅದೇ ಮನೆ, ಅದೇ ಗಂಟಲು. ಆದರೆ ಮಾತು ಗೊಂಯ್‌ಗುಡುತ್ತದೆ.

ಇದನ್ನು ಶಾಸ್ತ್ರವಾಗಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಅಧ್ಯಾಪಕ ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿ ಕಟ್ಟಿದ ಹೊಸ ಉಪನ್ಯಾಸ ಮಂದಿರದಲ್ಲಿ ಒಂದು ಮಾತು ಐದೂವರೆ ಸೆಕೆಂಡು ಅನುರಣಿಸುತ್ತಿತ್ತು. ಹಿಂದಿನ ಮಾತು ಅಡಗುವ ಮೊದಲೇ ಹತ್ತು ಹದಿನೈದು ಪದಗಳು ಅದರ ಮೇಲೆ ಬೀಳುತ್ತಿದ್ದವು. ಸೇಬಿನ್ ರಾತ್ರಿ ಹೊತ್ತು, ಊರಿನ ಸದ್ದಡಗಿದ ಮೇಲೆ, ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಹಾಸಿದರು. ಪಕ್ಕದಲ್ಲೊಂದು ಆರ್ಗನ್ ಕೊಳವೆ, ಕೈಯಲ್ಲೊಂದು ಗಡಿಯಾರ. ಮೆತ್ತೆ ಹೆಚ್ಚಿದಂತೆ ಅನುರಣನ ಕಡಿಮೆಯಾಗುವುದನ್ನು ಅಳೆದು ಸೂತ್ರ ಕಂಡುಕೊಂಡರು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ವಿಜ್ಞಾನವನ್ನು ಅನುಸರಿಸಿ ಕಟ್ಟಿದ್ದು; ಇಂದಿಗೂ ಜಗತ್ತಿನ ಉತ್ತಮ ಸಂಗೀತ ಮಂದಿರಗಳಲ್ಲಿ ಅದರ ಹೆಸರಿದೆ.

ಅದೇ ಸೂತ್ರವನ್ನು ಮನೆಗೆ ಅನ್ವಯಿಸಬಹುದು. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ, ಸಿಮೆಂಟಿನ ಗೋಡೆ, ಕಲ್ಲಿನ ನೆಲ. ಬರಿದಾಗಿದ್ದರೆ ಅನುರಣನ ಮೂರು ಸೆಕೆಂಡು ದಾಟುತ್ತದೆ. ಹಾಸು, ಪರದೆ, ಪುಸ್ತಕದ ಕಪಾಟು, ಮೆತ್ತನೆಯ ಕುರ್ಚಿ ಸೇರಿದರೆ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಯಾವ ಯಂತ್ರವೂ ಕೊಡಲಾರದ ಬದಲಾವಣೆಯನ್ನು ನವಲಗುಂದದ ಒಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಗೋಡೆಗೊಂದು ಕಪಾಟು ಕೊಡುತ್ತವೆ.

ಕೆಳಸ್ವರಗಳದ್ದು ಬೇರೆ ತೊಂದರೆ. 5 ಮೀಟರ್ ಉದ್ದದ ಕೋಣೆ ಸುಮಾರು 34 ಹರ್ಟ್ಸ್‌ಗೆ, ಅದರ ಎರಡು ಪಟ್ಟಿಗೆ, ಮೂರು ಪಟ್ಟಿಗೆ ತಾನೇ ಕೊಳಲಿನಂತೆ ಅನುಕಂಪಿಸುತ್ತದೆ. ಆ ಸ್ವರಗಳು ಕೆಲವು ಮೂಲೆಗಳಲ್ಲಿ ಗುಡುಗುತ್ತವೆ, ಕೆಲವು ಜಾಗಗಳಲ್ಲಿ ಮಾಯವಾಗುತ್ತವೆ. ಜಮಖಾನ ಇದನ್ನು ತಡೆಯದು. ಸ್ಪೀಕರನ್ನು ಮೂಲೆಯಿಂದ ಅರ್ಧ ಮೀಟರ್ ಈಚೆಗೆ ತರುವುದು, ಕೂರುವ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಸರಿಸುವುದು ಮದ್ದು. ಎರಡು ಸ್ಪೀಕರ್ ಮತ್ತು ಕೇಳುವ ತಲೆ ಮೂರೂ ಸಮನಾದ ತ್ರಿಕೋನವಾಗಲಿ, ಸಣ್ಣ ಸ್ಪೀಕರ್ ಕಿವಿಯ ಎತ್ತರಕ್ಕೆ ಇರಲಿ. ಇದಕ್ಕೆ ಬೇಕಾದದ್ದು ಒಂದು ಭಾನುವಾರ ಮಧ್ಯಾಹ್ನ, ಮನೆಯವರ ಒಪ್ಪಿಗೆ.

ಅಟ್ಟದ ಮೇಲಿನ ತಟ್ಟೆಗಳು

ಈ ಲೆಕ್ಕಾಚಾರಕ್ಕೆ ಈಗ ಹೊಸ ತುರ್ತು ಬಂದಿದೆ. ಹೋಯಿತು ಎಂದುಕೊಂಡಿದ್ದ ತಟ್ಟೆ ಮರಳಿದೆ. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ವಿನೈಲ್ ತಟ್ಟೆಗಳು ಮಾರಾಟವಾದವು. ಕರ್ನಾಟಕದಲ್ಲೂ ಹೊಸ ಟರ್ನ್‌ಟೇಬಲ್ ಕೊಂಡ ಯುವಕರು ಅಜ್ಜನ ಮನೆಯ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸುತ್ತಾರೆ. ಅದರಲ್ಲಿ ಎಲ್.ಪಿ.ಗಳ ನಡುವೆ 78 ಸುತ್ತಿನ ಅರಗಿನ ತಟ್ಟೆಗಳೂ ಇರುತ್ತವೆ.

ಇವು ಬರೀ ಹಳೆಯ ವಸ್ತುಗಳಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡಂದಿನಿಂದ ಅರ್ಧ ಶತಮಾನ ಭಾರತದ ಸಂಗೀತ ಉಳಿದದ್ದು ಇಂಥ ತಟ್ಟೆಗಳಲ್ಲಿ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಅವರ ಆಗಿನ ಎಳೆಯ, ತೆಳುವಾದ ಕಂಠಕ್ಕೂ ನಂತರ ಜಗತ್ತು ಕೇಳಿದ ಗಂಭೀರ ಕಂಠಕ್ಕೂ ಸಂಬಂಧವೇ ಇಲ್ಲ ಎನಿಸುವಷ್ಟು ಅಂತರ. ಆ ಎಳೆಯ ಕಂಠಕ್ಕೆ ಸಾಕ್ಷಿಯಾಗಿ ಇರುವುದು ಆ ತಟ್ಟೆಗಳು. ಮಲ್ಲಿಕಾರ್ಜುನ ಮನಸೂರರೂ 1930ರ ದಶಕದಲ್ಲಿ ಮೂರು ಮೂರೂವರೆ ನಿಮಿಷಗಳಲ್ಲಿ ರಾಗ ತುಂಬಿಕೊಟ್ಟದ್ದು ಇಂಥದ್ದೇ ಅರಗಿನ ಮೇಲೆ.

ಈ ತಟ್ಟೆಗಳನ್ನು ಎಲ್.ಪಿ.ಯ ಮುಳ್ಳಿನಲ್ಲಿ ನುಡಿಸಿದರೆ ಸಪೂರ ತುದಿ ಅಗಲ ಗೆರೆಯ ತಳದಲ್ಲಿ ಕೊಳೆಯ ಮೇಲೆ ಓಡುತ್ತದೆ; ಹಾಡಿಗಿಂತ ಕೆರೆತವೇ ಹೆಚ್ಚು ಕೇಳುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಒರೆಸುವ ದ್ರವದ್ದು. ವಿನೈಲ್ ತಟ್ಟೆಗೆಂದು ಮಾರುವ ಹಲವು ದ್ರವಗಳಲ್ಲಿ ಆಲ್ಕೋಹಾಲ್ ಇರುತ್ತದೆ. ವಿನೈಲಿಗೆ ಅದು ಸಾಮಾನ್ಯವಾಗಿ ತೊಂದರೆ ಮಾಡದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಡಗಿಗಳು ಮರಕ್ಕೆ ಬಳಿಯುವ ಮೆರುಗೆಣ್ಣೆ ತಯಾರಾಗುವುದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ. ಹೊಳೆಯಲಿ ಎಂದು ಪ್ರೀತಿಯಿಂದ ಒರೆಸಿದ ಕೈ ಎಂಬತ್ತು, ತೊಂಬತ್ತು ವರ್ಷ ಉಳಿದ ಗೆರೆಯನ್ನು ಒಂದು ನಿಮಿಷದಲ್ಲಿ ಅಳಿಸಬಹುದು. ಇಂಥ ತಟ್ಟೆಗೆ ಶುದ್ಧ ನೀರು, ಹನಿ ಸೌಮ್ಯ ಸಾಬೂನು, ಮೃದುವಾದ ಬಟ್ಟೆ ಸಾಕು. ನಡುವಿನ ಚೀಟಿಗೆ ನೀರು ತಾಗದಿರಲಿ, ಒದ್ದೆಯನ್ನು ಕೂಡಲೇ ಆರಿಸಿರಲಿ. ಒಂದರ ಮೇಲೊಂದು ಪೇರಿಸದೆ ನೇರವಾಗಿ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಬೇಕು. ನುಡಿಸುವುದಾದರೆ ದಪ್ಪ ತುದಿಯ ಮುಳ್ಳು ಹಾಕಿ, ಮೊದಲ ಸಲವೇ ಕಂಪ್ಯೂಟರಿಗೆ ಮುದ್ರಿಸಿಕೊಂಡರೆ ಮತ್ತೆ ಮತ್ತೆ ಕೆರೆಯುವ ಅಗತ್ಯ ಬೀಳದು.

ಹೊಸ ತಂತಿ, ಹೊಸ ಆಂಪ್ಲಿಫೈಯರ್ ತರಲು ಹೊರಟವರು ಮೊದಲು ಮನೆಯಲ್ಲೇ ನಾಲ್ಕು ಕೆಲಸ ಮಾಡಬಹುದು. ಭೂತಗನ್ನಡಿ ಹಿಡಿದು ಮುಳ್ಳಿನ ತುದಿಯನ್ನು ನೋಡುವುದು. ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆಯುವುದು. ನೆಲಕ್ಕೆ ಒಂದು ಜಮಖಾನ ಹಾಸುವುದು. ಒರೆಸುವ ದ್ರವದ ಶೀಸೆಯ ಮೇಲೆ ಏನು ಬರೆದಿದೆ ಎಂದು ಓದುವುದು. ಇಷ್ಟನ್ನು ಮಾಡಿ ಅದೇ ಹಾಡನ್ನು ಇನ್ನೊಮ್ಮೆ ಕೇಳಿದ ಮೇಲೆ, ಅಂಗಡಿಗೆ ಹೋಗುವುದೋ ಬೇಡವೋ ಎಂಬುದನ್ನು ಅವರವರ ಕಿವಿಯೇ ತೀರ್ಮಾನಿಸಲಿ.